ಮರೆವಿನ ದಂಡ ಕಟ್ಟುವವರು

‘ಈ ರೀಲ್ಸ್ ಕಾಲದಲ್ಲಿ ಎಡಿಎಚ್‌ಡಿ ಯಾರಿಗಿಲ್ಲ ಹೇಳಿ? ಎಲ್ಲರಿಗೂ ಸ್ವಲ್ಪ ಇದ್ದೇ ಇರುತ್ತೆ’ ಎಂಬ ಮಾತು ಈಗ ಮದುವೆಮನೆಯ ಪಂಕ್ತಿಯಿಂದ ಆಫೀಸಿನ ಕ್ಯಾಂಟೀನಿನವರೆಗೆ ಓಡಾಡುತ್ತಿದೆ. ಕೇಳಲು ಅನುಕಂಪದಂತಿದೆ, ಮಾಡುವುದು ಅದಕ್ಕೆ ತದ್ವಿರುದ್ಧವಾದ ಕೆಲಸ. ಎಲ್ಲರಿಗೂ ಇದೆಯೆಂದ ಮೇಲೆ ಯಾರಿಗೂ ಚಿಕಿತ್ಸೆ ಬೇಕಿಲ್ಲ ಎಂದಾಯಿತು. ‘ಉಳಿದವರೆಲ್ಲ ಸಂಭಾಳಿಸುತ್ತಿಲ್ಲವೇ, ನಿನಗೇನು ಧಾಡಿ?’ ಎಂಬ ಬೈಗುಳ ಅದರ ಬೆನ್ನಿಗೇ ಬರುತ್ತದೆ.

ಎಡಿಎಚ್‌ಡಿ, ಅಂದರೆ ಗಮನವನ್ನು ಹಿಡಿತದಲ್ಲಿಡಲಾಗದ ತೊಂದರೆ, ಇರುವವನೊಬ್ಬನ ಕರೆಂಟ್ ಬಿಲ್ಲನ್ನೇ ನೋಡಿ. ಖಾತೆಯಲ್ಲಿ ದುಡ್ಡಿದೆ, ಕೈಯಲ್ಲಿ ಫೋನಿದೆ, ಕೆಲಸ ಎರಡು ನಿಮಿಷದ್ದು. ಕಟ್ಟಬೇಕೆಂದು ಸ್ನಾನ ಮಾಡುವಾಗ ನೆನಪಾಗುತ್ತದೆ, ಬಸ್ಸಿನಲ್ಲಿ ನೆನಪಾಗುತ್ತದೆ, ರಾತ್ರಿ ಮಲಗಿದ ಮೇಲೆ ಎದೆ ಧಸಕ್ಕೆನ್ನುವಂತೆ ನೆನಪಾಗುತ್ತದೆ. ಕಟ್ಟುವುದು ಮಾತ್ರ ಲೈನ್‌ಮನ್ ಬಂದು ಫ್ಯೂಸ್ ಕಿತ್ತ ಮೇಲೆ. ಅದೇ ಮನುಷ್ಯ ಹಳೆಯ ರೇಡಿಯೋ ಬಿಚ್ಚಿಕೊಂಡು ಕೂತರೆ ಊಟ ಮರೆತು ನಡುರಾತ್ರಿಯವರೆಗೆ ಏಳುವುದಿಲ್ಲ. ಗಮನಕ್ಕೇನೂ ಬರವಿಲ್ಲ, ಬೇಕಾದಾಗ ಬೇಕಾದ ಕಡೆಗೆ ಅದನ್ನು ತಿರುಗಿಸಲಾಗುವುದಿಲ್ಲ. ‘ಇಷ್ಟದ ಕೆಲಸಕ್ಕೆ ಮಾತ್ರ ಬುದ್ಧಿ ಓಡುತ್ತೆ’ ಎಂದು ಮನೆಯವರು ಆಡಿಕೊಳ್ಳುವುದು ಸುಳ್ಳಲ್ಲ. ತೊಂದರೆಯ ಲಕ್ಷಣವನ್ನೇ ಅವರು ತಪ್ಪಿನ ಸಾಕ್ಷಿಯಾಗಿ ಮುಂದಿಡುತ್ತಿದ್ದಾರೆ, ಅಷ್ಟೆ.

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎನ್ನುವವರಿಗೆ: ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನ ನಿಲ್ಲದವರ ಬಗ್ಗೆ ಬರೆದದ್ದು 1798ರಲ್ಲಿ.

ಇನ್ನೊಂದು ಆಕ್ಷೇಪ ತೂಕದ್ದು. ಇನ್‌ಸ್ಟಾಗ್ರಾಂ ವಿಡಿಯೋ ನೋಡಿ ತಮಗೆ ತಾವೇ ಹಣೆಪಟ್ಟಿ ಹಚ್ಚಿಕೊಳ್ಳುವವರಿದ್ದಾರೆ. ನಿದ್ದೆಗೇಡು, ಆತಂಕ, ಖಿನ್ನತೆ, ಥೈರಾಯ್ಡ್ ತೊಂದರೆ, ಇವೆಲ್ಲವೂ ಏಕಾಗ್ರತೆ ಕೆಡಿಸುತ್ತವೆ. ಹಗಲುರಾತ್ರಿ ದುಡಿಸಿಕೊಳ್ಳುವ ಕಂಪನಿಯ ತಪ್ಪನ್ನು ನೌಕರನ ಮಿದುಳಿಗೆ ಹೊರಿಸಲೂಬಾರದು. ಒಪ್ಪಿದೆ. ಅದಕ್ಕೆಂದೇ ಪರೀಕ್ಷೆ ಬಿಗಿಯಾಗಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ, ಶಾಲೆ, ಕಚೇರಿ ಹೀಗೆ ಕನಿಷ್ಠ ಎರಡು ಕಡೆ ಕಾಡಿರಬೇಕು, ಬದುಕಿಗೆ ತೊಡಕಾಗಿರಬೇಕು, ಬೇರೆ ಕಾಯಿಲೆ ಅದಕ್ಕೆ ಕಾರಣವಾಗಿರಬಾರದು. ಮೊಬೈಲ್ ಕೊಂಡ ವರ್ಷ ಶುರುವಾದ ಚಂಚಲತೆ ಇಲ್ಲಿ ನಪಾಸು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಗುಳಿಗೆಯೂ ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಹಿಡಿತದಲ್ಲಿದೆ. ಕೆಮ್ಮಿನ ಔಷಧಿಯಂತೆ ಕೇಳಿ ತರುವಂಥದ್ದಲ್ಲ.

ಹಾಗಾದರೆ ಹಿಂದೆಲ್ಲ ಇದು ಕಾಣಲಿಲ್ಲವೇಕೆ? ಅದರ ಭಾರವನ್ನು ಇನ್ನೊಬ್ಬರು ಹೊತ್ತಿದ್ದರು, ಅದಕ್ಕೆ. ಮರೆಗುಳಿ ಮೇಷ್ಟ್ರ ಕನ್ನಡಕ, ಎಲ್‌ಐಸಿ ಕಂತು, ನೆಂಟರ ಗೃಹಪ್ರವೇಶ ಎಲ್ಲವನ್ನೂ ಹೆಂಡತಿ ನೆನಪಿಟ್ಟಳು. ಮೇಷ್ಟ್ರು ‘ಪಾಪ, ಲೋಕದ ಪರಿವೆಯೇ ಇಲ್ಲದ ವಿದ್ವಾಂಸರು’ ಎನಿಸಿಕೊಂಡರು. ಅಂಥದೇ ಮಿದುಳು ಹೆಂಗಸಿಗಿದ್ದರೆ? ಹಾಲು ಉಕ್ಕಿ ಒಲೆ ಆರುತ್ತದೆ, ಮಗುವಿನ ಡೈರಿಗೆ ಸಹಿ ಬಿದ್ದಿರುವುದಿಲ್ಲ, ನಾದಿನಿಯ ಸೀಮಂತದ ದಿನವೇ ಮರೆತಿರುತ್ತದೆ. ಅವಳಿಗೆ ಸಿಗುವುದು ಸಂಸಾರ ಮಾಡಲು ಬಾರದವಳೆಂಬ ಬಿರುದು. ಬೆಂಚು ಹಾರುವ ಹುಡುಗನನ್ನಾದರೂ ಶಾಲೆ ಗುರುತಿಸುತ್ತದೆ; ಕಿಟಕಿಯಾಚೆ ನೋಡುತ್ತ ತೆಪ್ಪಗೆ ಕೂತ ಹುಡುಗಿ ಯಾರಿಗೂ ತೊಂದರೆ ಕೊಡದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ತೊಂದರೆ ಬಹುಮಟ್ಟಿಗೆ ವಂಶದಲ್ಲಿ ಇಳಿದುಬರುವಂಥದ್ದು. ಹಾಗಾಗಿ ಎಷ್ಟೋ ತಾಯಂದಿರಿಗೆ ತಮ್ಮ ಕಥೆ ತಿಳಿಯುವುದು ಮಗನನ್ನು ವೈದ್ಯರ ಮುಂದೆ ಕೂರಿಸಿದಾಗ.

ಬಿಲ್ ಕಟ್ಟುವ ಹೊಣೆಯಿಂದ ರೋಗನಿರ್ಣಯ ಯಾರನ್ನೂ ಬಿಡಿಸುವುದಿಲ್ಲ, ಬಿಡಿಸಲೂಬಾರದು. ಆಟೋಪೇ, ಅಲಾರಂ, ಗುಳಿಗೆ, ಆಪ್ತಸಲಹೆ ಎಂದು ದಾರಿಗಳನ್ನು ತೋರಿಸುತ್ತದೆ. ಇನ್ನೊಬ್ಬರ ತಲೆಯ ಮೇಲಿನ ಭಾರವನ್ನೂ ಇಳಿಸುತ್ತದೆ. ‘ಮನಸ್ಸು ಮಾಡಿದರೆ ಆಗುತ್ತೆ’ ಎನ್ನುವವರು, ಸಂಸಾರ ಮಾಡಲು ಬಾರದವಳೆನಿಸಿಕೊಂಡ ಆ ಹೆಂಗಸು ಇಷ್ಟು ವರ್ಷ ದಿನವೂ ಮಾಡಿದ್ದು ಅದನ್ನೇ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಲಿ.