ಸಕ್ಕರಿ ಡಬ್ಬಿ ಮ್ಯಾಲ ಯಾಕ್ರೀ ನಿಮ್ಮ ಕಣ್ಣು?

ಆಗಸ್ಟ್ ತಿಂಗಳ ನಡು ಬಿಸಲಾಗ ನಮ್ಮ ಮನಿ ಎಸಿ ನಿಂತಿತು. ಹ್ಯೂಸ್ಟನ್ ಕಡೆ ಬಿಸಲು ಅಂದ್ರ ಏನು ಅಂತ ಇಲ್ಲೆ ಇರೋರಿಗೆ ಹೇಳಬೇಕಾಗಿಲ್ಲ. ಊರಾಗಿರೋ ಅಕ್ಕಂದಿರಿಗೆ ಹೇಳ್ತೇನಿ: ರಾಯಚೂರಿನ ಬಿಸಲಿಗೆ ಮಂಗಳೂರಿನ ಬೆವರು ಕೂಡಿಸ್ರಿ, ಅಷ್ಟ. ರಿಪೇರಿಯಾಂವ ಬಂದು ಹೊರಗಿನ ಪೆಟ್ಟಿಗಿ ಬಿಚ್ಚಿದ. ಅದರಾಗ ಕಾಂಟ್ಯಾಕ್ಟರ್ ಅಂತ ಒಂದು ಸಣ್ಣ ಸ್ವಿಚ್ ಇರ್ತದ, ಎಸಿ ಸುರು ಆಗೋ ಮುಂದ ಟಕ್ ಅಂತ ಕೂಡತದ. ಅದರ ಬಾಯಾಗ, ಸುತ್ತಮುತ್ತ, ಸತ್ತ ಇರುವಿ. ಚಹಾಪುಡಿ ಸುರುವಿದಂಗ ಕಾಣ್ತಿತ್ತು. ಎರಡು ಮುಷ್ಟಿ ತುಂಬ ತಗದ.

ರಾತ್ರಿ ಊರಿಗೆ ಸುದ್ದಿ ಹೋತು. ಹೋದಷ್ಟೇ ದೌಡ ತಿರುಗಿ ಬಂತು: "ಸಕ್ಕರಿ ಡಬ್ಬಿ ಸರಿಯಾಗಿ ಮುಚ್ಚತಿಯೋ ಇಲ್ಲೋ?" ಒಬ್ಬರಲ್ಲ, ಮೂರು ಮಂದಿ ಕೇಳಿದ್ರು. ನಮ್ಮ ವೈನಿ ಕೇಳಿದ್ರು, ಮಾವಶಿ ಕೇಳಿದ್ರು, ಇಲ್ಲೆ ಎರಡು ಮನಿ ಆಚೆ ಇರೋ ನಮ್ಮ ಕಡೆಯವರೇ ಒಬ್ಬರು ನಕ್ಕೋತ ಕೇಳಿದ್ರು. ಗ್ವಾಡಿಗೆ ಹಚ್ಚಿ ಮಲ್ಚ್ ರಾಶಿ ಯಾಕ ಹಾಕಿದಿ ಅಂತ ನಮ್ಮ ಮನೆಯವರಿಗೆ ಮಾತ್ರ ಯಾರೂ ಕೇಳಲಿಲ್ಲ. ಇರುವಿ ಬಂದ್ರ ತಪ್ಪು ಅಡಗಿ ಮನಿದು, ಅಂದ್ರ ಹೆಂಗಸಿಂದು. ಈ ಮಾತಿಗೇ ನಾ ಇವತ್ತು ಜಗಳಾ ತಗದದ್ದು.

ಮೊದಲ ಈ ಇರುವಿ ಯಾವುದು ಅಂತ ತಿಳ್ಕೋರಿ. ಇದು ನಮ್ಮ ಕಟ್ಟಿ ಮ್ಯಾಲೆ ಸಾಲಾಗಿ ಹೋಗೋ ಕಪ್ಪಿರುವಿ ಅಲ್ಲ. ಇದಕ್ಕ ಇಲ್ಲೆ ಕ್ರೇಜಿ ಆಂಟ್ ಅಂತಾರ, ಅಂದ್ರ ಹುಚ್ಚಿರುವಿ. ಸಾಲು ಹಿಡಿದು ನಡಿಯಂಗಿಲ್ಲ, ದಿಕ್ಕಿಲ್ಲದಂಗ ಅತ್ತಿತ್ತ ಓಡತದ. ಉದ್ದ 3 ಮಿಲಿಮೀಟರ್, ಬಣ್ಣ ಕೆಂಪು ಕಂದು. ಮೂಲ ದಕ್ಷಿಣ ಅಮೆರಿಕಾ. ಟೆಕ್ಸಾಸ್‌ನಾಗ ಇದನ್ನ ಮೊದಲ ಗುರುತಿಸಿದಾಂವ ಟಾಮ್ ರಾಸ್ಬೆರಿ ಅಂತ ಹುಳಾ ಹೊಡಿಯೋ ಕೆಲಸದಾಂವ, 2002ರಾಗ, ಇಲ್ಲೇ ಪ್ಯಾಸಡೀನಾ ಕಡೆ. 2008ರ ಹೊತ್ತಿಗೆ ನಾಸಾದ ಜಾನ್ಸನ್ ಸ್ಪೇಸ್ ಸೆಂಟರಿನವರೂ ತಮ್ಮ ಕಂಪ್ಯೂಟರಿಗೆ ಇರುವಿ ಹೊಗದಂಗ ಮಾಡಲಿಕ್ಕೆ ಅಂವನ್ನೇ ಕರಸಿದ್ರು. ಈಗ ಹೇಳ್ರಿ ವೈನಿ, ನಾಸಾದಾಗ ಯಾವ ಸೊಸಿ ಸಕ್ಕರಿ ಡಬ್ಬಿ ತಗದಿಟ್ಟಿದ್ಲು?

ಪೆಟ್ಟಿಗಿಯೊಳಗ ಆಗೋದು ಹಿಂಗ. ಬೆಚ್ಚಗ, ಒಣಾ ಜಾಗಾ ಹುಡಿಕ್ಕೊಂಡು ತಿರಗೋ ಒಂದು ಇರುವಿ ಎರಡು ಲೋಹದ ನಡುವ ಸಿಕ್ಕು ಕರೆಂಟ್ ಹೊಡದು ಸಾಯ್ತದ. ಸಾಯೋ ಮುಂದ ಅಪಾಯದ ವಾಸನಿ ಬಿಡ್ತದ. ಆ ವಾಸನಿಗೆ ಉಳದವು ಓಡಿ ಬರ್ತಾವ, ಅವೂ ಸಾಯ್ತಾವ, ಮತ್ತ ವಾಸನಿ, ಮತ್ತ ಓಟ. ಕಡೀಕೆ ಹೆಣದ ರಾಶಿ ನಡುವ ಬಂದು ಸ್ವಿಚ್ ಕೂಡಂಗಿಲ್ಲ, ಇಲ್ಲಾ ಶಾರ್ಟ್ ಆಗಿ ಸುಡತದ. ಎಸಿಗೆ ಅಷ್ಟೇ ಅಲ್ಲ, ನೀರಿನ ಪಂಪಿಗೆ, ಬೆಂಕಿ ಅಲಾರಂ ಪೆಟ್ಟಿಗಿಗೆ ಸುದ್ದಾ ಹಿಂಗ ಆಗೇದ. ಇದರಾಗ ಬುಂದಿ ಲಾಡೂಂದು ಪಾಲು ಎಲ್ಲಿ ಬಂತು?

"ಹಂಗಾರ ಸಿಹಿ ತಿನ್ನಂಗಿಲ್ಲೇನು?" ಅಂತ ಕೇಳ್ತೀರಿ. ತಿಂತಾವ. ಆದ್ರ ಅವುಕ್ಕ ಸಿಹಿ ಸಿಗೋದು ಹಿತ್ತಲದಾಗ. ಗಿಡದ ಚಿಗುರಿಗೆ ಹತ್ತೋ ಹೇನು ಬಿಡೋ ಅಂಟು ರಸ ಅವರ ದಿನಾ ಊಟ. ಅಡಗಿ ಮನಿ ಸ್ವಚ್ಛ ಇಡೋದು ಛೊಲೋನೇ, ಯಾರು ಬ್ಯಾಡ ಅಂದ್ರು? ಆದ್ರ ಒಲಿ ಕಟ್ಟಿ ಹತ್ತು ಸಲ ಒರಸಿದ್ರ ಎಸಿ ಉಳಿಯಂಗಿಲ್ಲ.

ಹಂಗಾರ ತಪ್ಪು ಯಾರದು? ಇಲ್ಲೆ ನಾ ನನ್ನ ಮ್ಯಾಲೂ ಬೆರಳು ಮಾಡ್ಕೋಬೇಕು. ಈ ಇರುವಿ ನಮ್ಮ ಮಳಿಗಾಲದ ಇರುವಿಯಂಗ ರೆಕ್ಕಿ ಬಂದು ಹಾರಿ ಹೋಗಿ ಹೊಸ ಗೂಡು ಕಟ್ಟಂಗಿಲ್ಲ. ತಾನಾಗೇ ತೆವಳಿದ್ರ ವರ್ಷಕ್ಕ ಸುಮಾರು 200 ಮೀಟರ್ ಹೋದೀತು. ಊರಿಂದ ಊರಿಗೆ ಅದನ್ನ ಹೊತ್ತು ಹಾಕಿದವರು ನಾವು: ಮಲ್ಚ್ ಚೀಲದಾಗ, ಕಟಿಗಿ ರಾಶ್ಯಾಗ, ಗಿಡದ ಕುಂಡದಾಗ. ಎಸಿ ರಿಪೇರಿ ಆದ ಮರುದಿನ ನಮ್ಮ ಕರಿಬೇವಿನ ಕುಂಡ ಎತ್ತಿ ನೋಡಿದೆ. ಬುಡದಾಗ ಬಿಳೇ ತತ್ತಿ, ಹೊರಗ ಕುದಿಯೋ ಚಹಾದಂಗ ಇರುವಿ. ಆ ಸಾಲಿನ ಎರಡು ಕುಂಡ ನಾ ಯುಗಾದಿ ಹೊತ್ತಿಗೆ ಅರಿಶಿನ ಕುಂಕುಮದ ಜೋಡಿ ಇಬ್ಬರು ಗೆಳತ್ಯಾರಿಗೆ ಕೊಟ್ಟಿದ್ದೆ. ಇಬ್ಬರಿಗೂ ಫೋನ್ ಮಾಡಿ ಹೇಳಿದೆ. ಒಬ್ಬಾಕಿ "ಹೇಳಿದ್ದು ಛೊಲೋ ಆತು" ಅಂದ್ಲು. ಇನ್ನೊಬ್ಬಾಕಿ ಎರಡು ವಾರ ಮಾತಾಡಲಿಲ್ಲ. ಮಾತಾಡಲಿಲ್ಲ ಅಂತ ನನಗ ಸಿಟ್ಟಿಲ್ಲ. ಹೇಳದ ಕುಂತಿದ್ರ ಅದು ದೊಡ್ಡ ತಪ್ಪಾಗತಿತ್ತು.

ನಾಚಿಕಿಂದ ಆಗೋ ಹಾನಿ ಇದೇ ನೋಡ್ರಿ. ಮನಿ ಹೊಲಸು ಅಂತಾರ ಅನ್ನೋ ಅಂಜಿಕಿಗೆ ನಾವು ಇರುವಿ ಬಂದದ್ದು ಮುಚ್ಚಿಡ್ತೇವಿ. ಮುಚ್ಚಿಟ್ಟ ಮನಿಯಿಂದ ಕುಂಡ ಮುಂದಿನ ಮನಿಗೆ ಹೋಗ್ತದ. ಸಕ್ಕರಿ ಡಬ್ಬಿ ಮಾತು ಎತ್ತಿದವರೂ ಒಂಥರಾ ಇರುವಿಗೆ ಗಾಡಿ ಕೊಟ್ಟಂಗೇ.

ಎರಡನೇ ಜಗಳಾ, ಊರಿಂದ ಸೂಟ್‌ಕೇಸಿನ್ಯಾಗ ಬರೋ ಗೆರಿ ಎಳಿಯೋ ಇರುವಿ ಚಾಕಿಂದು. ದಯಮಾಡಿ ತರಬ್ಯಾಡ್ರಿ. ನೋಂದಣಿ ಇಲ್ಲದ ಅಂಥ ವಿಷದ ಚಾಕ್ ಇಲ್ಲೆ ಕಾನೂನಿಗೆ ವಿರುದ್ಧ. ಕಾನೂನು ಅತ್ತಾಗಿರಲಿ, ಕೂಸುಗೋಳು ಅದನ್ನ ಬಳಪ ಅಂತ ಬಾಯಾಗ ಇಡ್ತಾವ. ಹಂಗ ನೋಡಿದ್ರ ಈ ಇರುವಿ ಮುಂದ ಗೆರಿಗೆ ಏನು ಬೆಲಿ? ವಿಷಕ್ಕ ಸತ್ತವರ ಹೆಣಾ ರಾಶಿ ಬಿದ್ದ ಮ್ಯಾಲ ಹಿಂದಿನವು ಆ ಹೆಣದ ಮ್ಯಾಲೇ ಸೇತುವಿ ದಾಟಿದಂಗ ದಾಟತಾವ. ಇನ್ನ ಕರೆಂಟಿನ ಪೆಟ್ಟಿಗಿಯೊಳಗ ಸ್ಪ್ರೇ ಹೊಡಿಯೋ ಧೈರ್ಯ ಯಾರೂ ಮಾಡಬ್ಯಾಡ್ರಿ. ಬ್ರೇಕರ್ ಬಂದ್ ಮಾಡ್ರಿ, ಬಲ್ಲವರನ್ನ ಕರೀರಿ.

ಮಾಡೋ ಕೆಲಸ ಹೊರಗ ಅವ. ಗ್ವಾಡಿಗೆ ಹತ್ತಿದ ಮಲ್ಚ್, ಎಲಿ, ಹಳೇ ಇಟ್ಟಂಗಿ, ಕಟಿಗಿ ದೂರ ಸರಸ್ರಿ. ಸೋರೋ ನಳಾ ರಿಪೇರಿ ಮಾಡಸ್ರಿ. ಎಸಿ ಪೆಟ್ಟಿಗಿ ಸುತ್ತ ಗಿಡ ಬ್ಯಾಡ. ಸತ್ತ ಇರುವಿ ಕಂಡ್ರ ಕಸಬರಗಿ ತಗೊಂಡು ಬಳೀರಿ. ಚಿಗುರಿನ ಹೇನು ನೀರು ಜೋರಾಗಿ ಬಿಟ್ಟು ತೊಳೀರಿ. ಅಂಗಡ್ಯಾಗ ಸಿಗೋ ಫೈರ್ ಆಂಟ್ ಕಾಳಿಗೆ ಇವು ಸೊಪ್ಪು ಹಾಕಂಗಿಲ್ಲ. ಲೈಸೆನ್ಸ್ ಇದ್ದವರ ಕಡಿಂದ ಮನಿ ಸುತ್ತ ಔಷಧ ಹೊಡಸಬೇಕು. ಚಳಿಗಾಲದಾಗ ಇವು ಕಡಿಮಿ ಆಗಿರ್ತಾವ, ಅದಕ್ಕ ವಸಂತದ ಸುರುವಿಗೇ ಮಾಡಸ್ರಿ, ಆಗಸ್ಟ್ ತನಕ ಕಾಯಬ್ಯಾಡ್ರಿ. ಒಂದು ಮನಿ ಹೊಡಿಸಿ ಬಾಜೂದವರು ಸುಮ್ಮನಿದ್ರ ರೊಕ್ಕ ನೀರಿಗೆ ಹಾಕಿದಂಗ. ಓಣಿ ಕೂಡಿ ಮಾಡಬೇಕು.

ಮತ್ತ ಗಿಡ ಕೊಡೋದು ಬಿಡಬೇಕೇನು? ಛೇ, ಹಂಗಂದ್ರ ನಮ್ಮದೆಂಥ ಬಳಗ? ಕುಂಡ ಬ್ಯಾಡ, ಬೀಜ ಕೊಡ್ರಿ. ಕರಿಬೇವಿನ ಕರೇ ಹಣ್ಣು ತೊಳದು ಬೀಜ ಹಸೀದಿದ್ದಾಗೇ ಊರಿದ್ರ ಹುಟ್ಟತದ. ತುಳಸಿದು ಒಣಾ ತೆನಿ ಸಾಕು, ದಾಸಾಳದ್ದು ತೊಳದ ಟೊಂಗಿ ಸಾಕು. ಮಣ್ಣು ಮಾತ್ರ ಅವರವರ ಮನೀದೇ ಇರಲಿ.

ಇನ್ನ ಯಾರರೇ "ನಮ್ಮ ಮನ್ಯಾಗ ಇರುವಿ ಬಂದಾವ" ಅಂದ್ರ, ವೈನಿ, ಸಕ್ಕರಿ ಡಬ್ಬಿ ಕೇಳಬ್ಯಾಡ್ರಿ. "ಯಾವ ಕುಂಡ ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗೇದ?" ಅಂತ ಕೇಳ್ರಿ.