ಗಣಕದ ಮೋಡ, ಮುಂಬಯಿಯ ಮುಗಿಲು

ಚಿತ್ರ ಬರೆಯಲು ಕುಂಚವೂ ಬಣ್ಣದ ಬಟ್ಟಲೂ ಇರಲೇಬೇಕೆಂಬ ನಿಯಮ ಈಗ ಉಳಿದಿಲ್ಲ. ಗಣಕಯಂತ್ರದ ಮುಂದೆ ಕುಳಿತು, ಫೋಟೋಶಾಪ್ ಅಥವಾ ಗಿಂಪ್‌ನಂತಹ ಚಿತ್ರ ಸಂಪಾದಕದಲ್ಲಿ ಪ್ರಕೃತಿದೃಶ್ಯಗಳನ್ನು ರಚಿಸುವ ವಿದ್ಯಾರ್ಥಿಗಳು ನಮ್ಮ ನಡುವೆ ಇದ್ದಾರೆ. ಗಿಂಪ್ ಉಚಿತವಾಗಿ ದೊರೆಯುವುದರಿಂದ ಹಣವಿಲ್ಲದವನಿಗೂ ಈ ಕಲೆ ಎಟುಕುವಂತಾಗಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಚಿತ್ರಗಳ ಆಕಾಶವನ್ನು ಕಂಡಾಗ ಒಂದು ಮಾತನ್ನು ಹೇಳದೆ ಇರಲಾರೆವು. ಗುಡ್ಡ, ಮನೆ, ಮರಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಮೋಡ ಮಾತ್ರ ಎಲ್ಲರದೂ ಒಂದೇ! ಕಾರಣ ಸ್ಪಷ್ಟವಾಗಿದೆ: ಅದನ್ನು ಯಾರೂ ಬರೆದಿಲ್ಲ, ಗುಂಡಿಯೊತ್ತಿ ಬರಿಸಿದ್ದಾರೆ.

ಈ ಸಂಪಾದಕಗಳಲ್ಲಿ ಮೋಡದಂತಹ ವಿನ್ಯಾಸವನ್ನು ಕ್ಷಣಾರ್ಧದಲ್ಲಿ ಮೂಡಿಸುವ ಫಿಲ್ಟರುಗಳಿವೆ. ಇಂತಹ ವಿನ್ಯಾಸವನ್ನು ಗಣಿತದಿಂದ ಹುಟ್ಟಿಸುವ ಪ್ರಸಿದ್ಧ ವಿಧಾನವೊಂದನ್ನು ಅಮೆರಿಕದ ಕೆನ್ ಪರ್ಲಿನ್ ಎಂಬವರು 1985ರಲ್ಲಿ ಪ್ರಕಟಿಸಿದರು. ದೊಡ್ಡ ಏರಿಳಿತಗಳ ಮೇಲೆ ಅವುಗಳ ಅರ್ಧದಷ್ಟು ಗಾತ್ರದವು, ಅವುಗಳ ಮೇಲೆ ಇನ್ನೂ ಸಣ್ಣವು, ಹೀಗೆ ಪದರ ಪದರವಾಗಿ ಕೂಡಿಸುತ್ತ ಹೋದರೆ ಕಣ್ಣಿಗೆ ಮೋಡದಂತೆ ತೋರುತ್ತದೆ. ಇದು ಬುದ್ಧಿಯ ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ವಿನ್ಯಾಸಕ್ಕೆ ಸೂರ್ಯನೆಲ್ಲಿದ್ದಾನೆಂಬುದು ತಿಳಿಯದು; ಗಾಳಿ ಯಾವ ಕಡೆಯಿಂದ ಬೀಸುವುದೆಂಬುದೂ ತಿಳಿಯದು. ಅದು ಬಟ್ಟೆ, ಅದರಿಂದ ಅಂಗಿ ಹೊಲಿಯುವ ಕೆಲಸ ನಮ್ಮದು.

ಆ ಕೆಲಸಕ್ಕೆ ಗುರು ಬೇಕೆಂದರೆ ದೂರ ಹೋಗಬೇಕಾಗಿಲ್ಲ. ದಾದರಿನ ಚೌಪಾಟಿಯಲ್ಲೋ, ವರಳಿಯ ಕಡಲ ದಂಡೆಯಲ್ಲೋ, ಅದೂ ದೂರವಾದರೆ ರೈಲು ನಿಲ್ದಾಣದ ಮೇಲ್ಸೇತುವೆಯ ಮೇಲೋ ಐದು ನಿಮಿಷ ನಿಂತು ತಲೆಯೆತ್ತಿದರೆ ಸಾಕು. ಜೂನ್ ತಿಂಗಳ ಮೊದಲ ದಿನಗಳಲ್ಲಿ ನಮ್ಮ ಹಿರಿಯರ ಕನ್ನಡ ಕರಾವಳಿಯನ್ನು ತೋಯಿಸಿದ ಮುಂಗಾರು, ಸಾಮಾನ್ಯವಾಗಿ 11ರ ಸುಮಾರಿಗೆ ಮುಂಬಯಿಯನ್ನು ಮುಟ್ಟುತ್ತದೆ. ಆಗ ಕಡಲ ಕಡೆಯಿಂದ ಬರುವ ಕಾರ್ಮುಗಿಲಿಗೂ, ಮಳೆಗಾಲ ಕಳೆದ ಮೇಲೆ ಕಾಣುವ ಹತ್ತಿಯ ರಾಶಿಯಂತಹ ಬಿಳಿ ಮುಗಿಲಿಗೂ ಎಷ್ಟು ಅಂತರ!

ಆ ಬಿಳಿ ಮುಗಿಲನ್ನೇ ನೋಡೋಣ. ಅದರ ತಲೆ ಉಬ್ಬುಬ್ಬಾಗಿದ್ದರೂ ತಳ ಹೆಚ್ಚುಕಡಿಮೆ ಸಮತಟ್ಟು. ಮೇಲೇರುವ ಗಾಳಿ ತಣಿದು, ಅದರೊಳಗಿನ ಆವಿ ಹನಿಗೂಡತೊಡಗುವ ಎತ್ತರ ಸುತ್ತಲೂ ಸುಮಾರಾಗಿ ಒಂದೇ ಆಗಿರುವುದೇ ಇದಕ್ಕೆ ಕಾರಣ. ಸೂರ್ಯನಿಗೆ ಎದುರಾದ ಮೈ ಬೆಳ್ಳಗೆ, ತಳ ಬೂದು ಬಣ್ಣ. ನೆತ್ತಿಯ ಮೇಲಿನ ಮೋಡ ದೊಡ್ಡದು, ದಿಗಂತದ ಬಳಿಯದು ಕಿರಿದು. ಆಕಾಶದ ನೀಲಿಯೂ ನೆತ್ತಿಯಲ್ಲಿ ಗಾಢ, ಕೆಳಗಿಳಿದಂತೆ ತಿಳಿ.

ಇಷ್ಟನ್ನು ಕಂಡವನು ಗಣಕದ ಮುಂದೆ ಕುಳಿತರೆ ಮುಂದಿನ ದಾರಿ ತಾನಾಗಿ ತೆರೆಯುತ್ತದೆ. ಮೊದಲು ನೀಲಿಯನ್ನು ಮೇಲಿನಿಂದ ಕೆಳಕ್ಕೆ ತಿಳಿಯಾಗಿಸತಕ್ಕದ್ದು. ಫಿಲ್ಟರಿನ ಮೋಡವನ್ನು ಪ್ರತ್ಯೇಕ ಪದರದಲ್ಲಿರಿಸಿ, ಪರ್ಸ್ಪೆಕ್ಟಿವ್ ಸಾಧನದಿಂದ ಮೇಲ್ಭಾಗವನ್ನು ಹಿಗ್ಗಿಸಿ ದಿಗಂತದ ಕಡೆಗೆ ಕುಗ್ಗಿಸತಕ್ಕದ್ದು. ಬಳಿಕ ಮೃದುವಾದ ಬ್ರಷ್ಷಿನಿಂದ, ಬಣ್ಣದ ಸಾಂದ್ರತೆಯನ್ನು ತಗ್ಗಿಸಿಕೊಂಡು, ತಳಕ್ಕೆ ನೆರಳನ್ನೂ ಬಿಸಿಲಿನ ಕಡೆಗೆ ಬೆಳಕನ್ನೂ ಕೊಡಬೇಕು. ಅಂಚುಗಳನ್ನು ಕೆಲವೆಡೆ ಸ್ಫುಟವಾಗಿಯೂ ಕೆಲವೆಡೆ ಚದರಿದಂತೆಯೂ ಇಡಬೇಕು. ಫಿಲ್ಟರನ್ನು ತ್ಯಜಿಸಬೇಕೆಂಬುದು ನಮ್ಮ ವಾದವಲ್ಲ. ಅದರಲ್ಲಿಯೇ ನಿಲ್ಲಬಾರದೆಂಬುದಷ್ಟೇ ನಮ್ಮ ವಾದ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಇದೇ ನಗರದ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಭಾರತದ ಶ್ರೇಷ್ಠ ಕಲಾವಿದರಲ್ಲೊಬ್ಬರಾದ ಕೆ. ಕೆ. ಹೆಬ್ಬಾರರು ನರ್ತನದ ಚಲನೆಯನ್ನು ಕೆಲವೇ ಗೆರೆಗಳಲ್ಲಿ ಹಿಡಿದರು. ಅದಕ್ಕಾಗಿ ಅವರು ಸ್ವತಃ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದ್ದರು. ವಸ್ತುವನ್ನು ಅರಿತ ಬಳಿಕವೇ ಗೆರೆಗೆ ಜೀವ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

‘ಒಂದು ಮೋಡಕ್ಕಾಗಿ ಇಷ್ಟೊಂದು ಶ್ರಮವೇಕೆ?’ ಎಂದು ಕೆಲವರು ಕೇಳಬಹುದು. 2005ರ ಜುಲೈ 26ರಂದು ಆರಂಭವಾದ ಮಳೆ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರಿನಷ್ಟು ಸುರಿದ ನಗರ ನಮ್ಮದು. ಇಲ್ಲಿ ಕರಿಮೋಡದ ಒಂದು ಚಿತ್ರ ಸಾವಿರಾರು ಜನರನ್ನು ಕಳವಳಗೊಳಿಸಬಲ್ಲುದು. ಛಾಯಾಚಿತ್ರದ ಆಕಾಶವನ್ನೇ ಬದಲಿಸುವ ಆಜ್ಞೆ 2020ರಲ್ಲಿ ಫೋಟೋಶಾಪಿಗೆ ಸೇರಿದೆ. ಕೆಳಗಿನ ಕಟ್ಟಡದ ನೆರಳು ಒಂದು ಕಡೆಗೆ, ಮೇಲಿನ ಮೋಡದ ಬೆಳಕು ಇನ್ನೊಂದು ಕಡೆಗೆ ಇದ್ದರೆ, ಆಕಾಶವನ್ನು ಬಲ್ಲವನಿಗೆ ಒಡನೆ ಸಂದೇಹ ಮೂಡುತ್ತದೆ; ಬಲ್ಲದವನು ಅದನ್ನು ನಂಬಿ ಹತ್ತು ಮಂದಿಗೆ ಹಂಚುತ್ತಾನೆ. ನಿಜದಂತಹ ಮೋಡವನ್ನು ರಚಿಸಲು ಕಲಿತವನಿಗೆ ಸುಳ್ಳು ಮೋಡವನ್ನು ಗುರುತಿಸುವ ಶಕ್ತಿಯೂ ಬರುತ್ತದೆ. ಅದರೊಡನೆ, ತಾನು ರಚಿಸಿದ್ದನ್ನು ರಚಿಸಿದ್ದೆಂದೇ ಹೇಳುವ ಪ್ರಾಮಾಣಿಕತೆಯೂ ಅವನಿಗಿರಬೇಕು.

ಆದುದರಿಂದ, ವಿದ್ಯಾರ್ಥಿ ಮಿತ್ರರೇ, ಬರುವ ಮಳೆಗಾಲದಲ್ಲಿ ಗಣಕವನ್ನು ತೆರೆಯುವ ಮೊದಲು ಕಿಟಕಿಯನ್ನು ತೆರೆಯೋಣ. ಕಟ್ಟಡಗಳ ನಡುವೆ ಕಾಣುವ ಆಕಾಶ ಅಂಗೈಯಗಲವಾದರೂ ಅದು ನಮ್ಮದೇ ಆಕಾಶ.