ಮಣ್ಣಾಗುವ ಪ್ಲಾಸ್ಟಿಕ್: ಎಲ್ಲಿ, ಎಂದು?

ಪೇಟೆಯಿಂದ ಮನೆಗೆ ಬರುವ ಕೆಲವು ಚೀಲಗಳ ಮೇಲೆ ‘ಕಾಂಪೋಸ್ಟೆಬಲ್’ ಎಂದು ಅಚ್ಚಾಗಿರುವುದನ್ನು ವಾಚಕರು ಗಮನಿಸಿರಬಹುದು. ‘ಇದು ಹೇಗೂ ಮಣ್ಣಾಗುವಂಥದು’ ಎಂದು ಬಗೆದು ಅದನ್ನು ಅಡಕೆ ತೋಟಕ್ಕೋ ತೋಡಿಗೋ ಎಸೆಯುವವರಿದ್ದಾರೆ. ಆದರೆ ಯಾವ ವಸ್ತು ಎಂಬುದರಷ್ಟೇ ಅದು ಎಲ್ಲಿ ಬಿದ್ದಿದೆ ಎಂಬುದೂ ಮುಖ್ಯ.

ಇಂತಹ ಚೀಲಗಳಲ್ಲಿ ಪಾಲಿಯೆಸ್ಟರ್ ವರ್ಗದ ಪ್ಲಾಸ್ಟಿಕ್ಕುಗಳೇ ಹೆಚ್ಚು. ಅವುಗಳ ಅಣುಗಳು ಸರಪಣಿಯ ಕೊಂಡಿಗಳಂತೆ ಎಸ್ಟರ್ ಬಂಧಗಳಿಂದ ಬೆಸೆದುಕೊಂಡಿರುತ್ತವೆ. ನೀರು ಈ ಬಂಧವನ್ನು ಬಿಡಿಸಬಲ್ಲುದು. ಸೂಕ್ಷ್ಮಜೀವಿಗಳ ಕಿಣ್ವಗಳು ಆ ಕೆಲಸವನ್ನು ತ್ವರೆಗೊಳಿಸುತ್ತವೆ. ಬಿಡಿಯಾದ ತುಣುಕುಗಳನ್ನು ಜೀವಿಗಳು ಅರಗಿಸಿಕೊಂಡಾಗ ಇಂಗಾಲದ ಡೈ ಆಕ್ಸೈಡು ಮತ್ತು ನೀರು ಉಂಟಾಗುತ್ತವೆ. ನಾವು ಉಡುವ ಪಾಲಿಯೆಸ್ಟರ್ ಬಟ್ಟೆಯೂ ಇದೇ ಕುಲದ್ದು. ಆದರೆ ಅದರ ಸರಪಣಿಯಲ್ಲಿ ಗಡುಸಾದ ಬೆಂಜೀನ್ ಉಂಗುರಗಳು ಒತ್ತಾಗಿರುವುದರಿಂದ ಅದು ಬೇಗ ಕೊಳೆಯದು.

ಮೊಸರಿಗೆ ಹುಳಿಯನ್ನೀಯುವ ಲ್ಯಾಕ್ಟಿಕ್ ಆಮ್ಲದಿಂದಲೇ ‘ಪಿ.ಎಲ್.ಎ.’ ಎಂಬ ಪ್ಲಾಸ್ಟಿಕ್ಕನ್ನು ತಯಾರಿಸುತ್ತಾರೆ. ಈ ಆಮ್ಲವನ್ನು ಮೆಕ್ಕೆಜೋಳ, ಕಬ್ಬುಗಳಿಂದ ಪಡೆದ ಸಕ್ಕರೆಯನ್ನು ಹುದುಗಿಸಿ ಪಡೆಯುವರು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದರ ಸರಪಣಿಗಳು ಸಡಿಲಗೊಂಡು ನೀರಿಗೆ ಎಡೆಕೊಡುತ್ತವೆ. ಕೆಲವೇ ತಿಂಗಳಲ್ಲಿ ಅದು ಕರಗಿಹೋಗುತ್ತದೆ. ದೊಡ್ಡ ಕಾಂಪೋಸ್ಟ್ ಸ್ಥಾವರಗಳಲ್ಲಿ ಈ ಕಾವು, ತೇವ, ಗಾಳಿಗಳನ್ನು ಕಾಯ್ದುಕೊಳ್ಳುತ್ತಾರೆ. ತೋಟದ ಮಣ್ಣಿಗೆ ಅಷ್ಟು ಕಾವೆಲ್ಲಿಯದು? ಅಲ್ಲಿಯೂ ಕಡಲಿನಲ್ಲಿಯೂ ಪಿ.ಎಲ್.ಎ. ವರ್ಷಗಟ್ಟಲೆ ಉಳಿಯುತ್ತದೆ.

‘ಪಿ.ಎಚ್.ಬಿ.’ ಎಂಬುದರ ಸ್ವಭಾವ ಬೇರೆ. 1926ರಲ್ಲಿ ಫ್ರಾನ್ಸಿನ ವಿಜ್ಞಾನಿ ಮೊರಿಸ್ ಲೆಮ್ವಾನ್ ಇದನ್ನು ಬ್ಯಾಕ್ಟೀರಿಯಗಳ ಒಡಲಿನಲ್ಲಿ ಗುರುತಿಸಿದರು. ನಾವು ಪತ್ತಾಯದಲ್ಲಿ ಭತ್ತವನ್ನು ಕೂಡಿಡುವಂತೆ ಅವು ಇದನ್ನು ಆಹಾರವಾಗಿ ಶೇಖರಿಸುತ್ತವೆ. ಇದನ್ನು ಉಣ್ಣಬಲ್ಲ ಜೀವಿಗಳು ಮಣ್ಣಿನಲ್ಲಿಯೂ ಸಮುದ್ರದಲ್ಲಿಯೂ ಇರುವುದರಿಂದ ಎರಡೆಡೆಗಳಲ್ಲಿಯೂ ಇದು ಕೊಳೆಯುತ್ತದೆ. ತಣ್ಣನೆಯ ನೀರಿನಲ್ಲಿ ಮಾತ್ರ ನಿಧಾನ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಉಲ್ಲೇಖಾರ್ಹ. ‘ಕಾಂಪೋಸ್ಟೆಬಲ್’ ಚೀಲವು ಕಡಲಿನಲ್ಲಿ 3 ತಿಂಗಳೊಳಗೆ ಕಣ್ಮರೆಯಾಯಿತು. ಅದೇ ಬಗೆಯ ಚೀಲ ಮಣ್ಣಿನಲ್ಲಿ 27 ತಿಂಗಳ ಬಳಿಕವೂ ಇತ್ತು, ಭಾರ ಹೊರುವ ಶಕ್ತಿ ಮಾತ್ರ ಉಡುಗಿತ್ತು. ‘ಬಯೋಡಿಗ್ರೇಡೆಬಲ್’ ಎಂದು ಮಾರುತ್ತಿದ್ದ ಇನ್ನೊಂದು ಚೀಲವಾದರೋ ಮಣ್ಣಿನಲ್ಲಿಯೂ ಕಡಲಿನಲ್ಲಿಯೂ 3 ವರ್ಷಗಳಿದ್ದ ಮೇಲೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು! ಕಣ್ಮರೆಯಾದುದೆಲ್ಲವೂ ಪೂರ್ತಿ ಕೊಳೆತಿದೆಯೆಂದೂ ಹೇಳಲಾಗದು. ಸಣ್ಣ ಚೂರುಗಳಾಗಿ ಚದುರಿರಲೂಬಹುದು.

ಸೌದೆಯು ಒಲೆಯಲ್ಲಿ ಬೂದಿಯಾಗುತ್ತದೆ. ಅಟ್ಟದ ಮೇಲೆ ಸೌದೆಯಾಗಿಯೇ ಇರುತ್ತದೆ. ಆದುದರಿಂದ ಚೀಲದ ಮೇಲಿನ ಅಕ್ಷರವನ್ನು ಎಸೆಯುವುದಕ್ಕೆ ಸಿಕ್ಕಿದ ಅಪ್ಪಣೆಯೆಂದು ತಿಳಿಯಬಾರದು. ಇತರ ಪ್ಲಾಸ್ಟಿಕ್ಕಿನೊಡನೆ ಬೆರೆತರೆ ಮರುಬಳಕೆಗೂ ತೊಡಕಾಗುವುದರಿಂದ, ಅದನ್ನು ಪ್ರತ್ಯೇಕವಾಗಿರಿಸಿ ಮನೆಬಾಗಿಲಿಗೆ ಬರುವ ಹರಿತ ಕರ್ಮ ಸೇನೆಯವರಿಗೆ ತಿಳಿಸಿ ಕೊಡುವುದು ಲೇಸು. ಪೇಟೆಗೆ ಹೋಗುವಾಗ ಬಟ್ಟೆಯ ಚೀಲವನ್ನೊಯ್ದರೆ ಈ ಪ್ರಶ್ನೆಯೇ ಏಳದು.